ತಗಡಿನ ಕೈ, ಅಪ್ಪನ ಕೈ

"ಲೋ ಹೊನ್ನಯ್ಯ! ಎತ್ತಗ್ಲಾ ತಿರುಗ್ತೀಯ? ಬಲಕ್ಕೋ, ಎಡಕ್ಕೋ, ಇಲ್ಲಾ ಆಕಾಸಕ್ಕೋ?"

ಗಾಡಿಯವನು ಎತ್ತುಗಳನ್ನು ಗದ್ದೆಯ ಬದುವಿನ ಮೇಲೆ ಹತ್ತಿಸಿಕೊಂಡು ನಿಂತು ಕೂಗುತ್ತಿದ್ದ. ಬಸ್ಸಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

ನಂಜಿ ಕಿಟಕಿಯಿಂದ ಬಗ್ಗಿ ನೋಡಿದಳು. ಬಸ್ಸಿನ ಬಲಗಡೆ ಹೊಸದಾಗಿ ಕೂರಿಸಿದ್ದ ತಗಡಿನ ಕೈ ಎದ್ದು ನಿಂತಿತ್ತು. ಕೈಯ ತುದಿಯಲ್ಲಿ ಕೆಂಪು ಗಾಜು, ಅದರೊಳಗೆ ಪುಟ್ಟ ಬಲ್ಬು. ದೀಪ ಉರಿಯುತ್ತಿತ್ತು. ಬಸ್ಸು ಬಲಕ್ಕೆ ತಿರುಗುತ್ತದೆ ಎಂದು ಅದು ದಾರಿಯಲ್ಲಿ ಕಂಡವರಿಗೆಲ್ಲ ಹೇಳುತ್ತಿತ್ತು. ಬಲಕ್ಕೆ ಏನಿತ್ತು? ಕೆರೆ!

"ಅಪ್ಪ, ಕೈ ಇನ್ನೂ ಮೇಲೇ ಅದೆ!"

ಸ್ಟೇರಿಂಗ್ ಹಿಡಿದಿದ್ದ ಅಪ್ಪ ಹೊನ್ನಯ್ಯ ತನ್ನ ಪಕ್ಕದಲ್ಲಿದ್ದ ಹಗ್ಗವನ್ನು ಜಗ್ಗಿದ. ಕೈ ಕೆಳಗಿಳಿಯಲಿಲ್ಲ. ಇನ್ನೊಮ್ಮೆ ಜಗ್ಗಿದ. ಹಗ್ಗವೇ ಕಿತ್ತು ಬಂತು.

"ಮಾದಯ್ಯ, ಇಳಿಯಪ್ಪ. ಆ ಮುಂಡೇದ್ನ ತಂತೀಲಿ ಬಿಗಿದಾಕು," ಎಂದ.

ಕ್ಲೀನರ್ ಮಾದಯ್ಯ ಇಳಿದು ಹೋಗಿ ತಗಡಿನ ಕೈಯನ್ನು ಬಸ್ಸಿನ ಮೈಗೆ ಒತ್ತಿ ಹಿಡಿದು ತಂತಿ ಸುತ್ತಿದ. ಕೆಂಪು ಗಾಜು ಅವನ ಕೈಯಲ್ಲೇ ಬಿರಿಯಿತು.

ಆ ಕೈಯನ್ನು ಕೂರಿಸಿದ್ದವರು ಮಳವಳ್ಳಿಯ ಅಕ್ರಂ ಪಾಷಾ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಅವರ ರಿಪೇರಿ ಅಂಗಡಿ ಇತ್ತು. ಯಾವುದೋ ಹಳೆಯ ಕಾರಿನಿಂದ ಬಿಚ್ಚಿ ತಂದು, ಅಪ್ಪನ ಮೇಲಿನ ಪ್ರೀತಿಗೆ ಹಾಕಿಕೊಟ್ಟಿದ್ದರು. ಅಪ್ಪ ಮತ್ತು ಅವರು ಹಳೆಯ ದೋಸ್ತಿಗಳು. ಆದರೆ ಕಾರಿನ ಕೈ ಬಸ್ಸಿಗೆ ಒಗ್ಗಲಿಲ್ಲ. ಮೊನ್ನೆ ಅದನ್ನು ನಂಬಿ ಒಬ್ಬ ಗಾಡಿಯವನು ಚರಂಡಿಗೆ ಇಳಿದಿದ್ದ. ಇವತ್ತು ಇನ್ನೊಬ್ಬ ಬದು ಹತ್ತಿದ್ದ.

ಮಳವಳ್ಳಿಯಲ್ಲಿ ಬಸ್ಸು ನಿಂತಾಗ ಪಾಷಾ ಸಾಬರ ಮಗ ವಾಜಿದ ಓಡಿಬಂದ. ತಂತಿ ಸುತ್ತಿದ್ದ ಕೈಯನ್ನು ನೋಡಿ ಅವನ ಮುಖ ಸಣ್ಣಗಾಯಿತು.

"ಸ್ಪ್ರಿಂಗ್ ಬಿಗಿ ಇಲ್ಲ ಹೊನ್ನಣ್ಣ. ಇವತ್ತು ಸಂಜೇನೇ ಮದ್ದೂರಿಗೆ ಹೋಗಿ, ನಾಳೆ ಬೆಳಗ್ಗೆ ಹೊಸ ಸ್ಪ್ರಿಂಗು, ಗಾಜು ತತ್ತೀನಿ. ಆಮೇಲೆ ನೋಡಿ ಹೆಂಗೆ ಕೆಲಸ ಮಾಡತ್ತೆ ಅಂತ."

"ಬ್ಯಾಡ ಬುಡು ಮಗ," ಎಂದು ಅಪ್ಪ ನಕ್ಕ. ತನ್ನ ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ ತೋರಿಸಿದ. "ತಗಡಿನ ಕೈ ಸುಳ್ಳಾಡ್ತದೆ. ಈ ಕೈ ಸುಳ್ಳಾಡಕಿಲ್ಲ."

ನಂಜಿಗೆ ಹೆಮ್ಮೆಯಾಯಿತು.

ನಂಜಿಯ ಪೂರ್ತಿ ಹೆಸರು ಶಿವನಂಜಮ್ಮ. ಹಾಗೆ ಕರೆಯುತ್ತಿದ್ದವರು ಸ್ಕೂಲಿನ ಮೇಷ್ಟ್ರು ಮಾತ್ರ. ಅವಳ ಊರು ಹೊಂಗೆದೊಡ್ಡಿ. ಅದು ಮದ್ದೂರಿಗೂ ಮಳವಳ್ಳಿಗೂ ನಡುವೆ ಇತ್ತು. ರಾತ್ರಿ ಬಸ್ಸು ತಂಗುತ್ತಿದ್ದುದು ಆ ಊರಿನಲ್ಲೇ. ಬೆಳಗ್ಗೆ ಅಪ್ಪನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ಅವಳು ಮಳವಳ್ಳಿಯ ಸ್ಕೂಲಿಗೆ ಹೋಗುತ್ತಿದ್ದಳು. ಸಂಜೆ ಅದೇ ಸೀಟಿನಲ್ಲಿ ವಾಪಸು.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಪೀಪಾಯಿ ಒಲೆ ಕಟ್ಟಿದ್ದರು. ಅದರಲ್ಲಿ ಇದ್ದಲು ಉರಿಸಿ, ಅದರ ಹೊಗೆಯಲ್ಲೇ ಬಸ್ಸು ಓಡಬೇಕು. ಬೆಳಗ್ಗೆ ಮಾದಯ್ಯ ತಿದಿಯ ಚಕ್ರ ತಿರುಗಿಸಿ ಒಲೆಗೆ ಗಾಳಿ ಹಾಕುವನು, ಅಪ್ಪ ಇದ್ದಲು ಸುರಿಯುವನು. ಹೊರಡುವ ಹೊತ್ತಿಗೆ ಇಬ್ಬರ ಕೈಯೂ ಕಾಡಿಗೆ ಬಳಿದ ಹಾಗೆ ಕರ್ರಗಾಗಿರುತ್ತಿತ್ತು.

ಸಂಜೆ ಮನೆಗೆ ಬಂದರೆ ಅಪ್ಪನ ಹಣೆಯ ಮೇಲೂ ಒಂದು ಮಸಿಯ ಗುರುತು. ಅವ್ವ ಚಲುವಮ್ಮ ನೀರು ಕೊಡುತ್ತಾ ನಗುತ್ತಿದ್ದಳು.

"ದಿನಾ ದಿಷ್ಟಿಬೊಟ್ಟು ಇಟ್ಕಂಡು ಬರಾದು ನೋಡು. ಈ ಚೆಂದಕ್ಕೆ ಯಾರ ಕಣ್ಣು ತಾಕೀತೋ!"

"ಬೆವರು ಒರಸ್ಕತೀನಿ ಕಣೆ, ಅದ್ಕೇ," ಎನ್ನುತ್ತಿದ್ದ ಅಪ್ಪ.

ಅದು ಬೆವರು ಒರೆಸಿದ ಗುರುತಲ್ಲ ಎಂದು ನಂಜಿಗೆ ಗೊತ್ತಿತ್ತು. ಮಳವಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಏರು ಇದೆ. ಏರಿನ ತುದಿಯಲ್ಲಿ ತಿರುವು. ತಿರುವಿನ ಬಲಕ್ಕೆ ಬೇವಿನ ಮರದ ಕೆಳಗೆ ಮಾರಮ್ಮನ ಕಲ್ಲು. ಆ ದಾರಿಯ ಡ್ರೈವರುಗಳೆಲ್ಲ ಅಮ್ಮನಿಗೆ ಕೈ ಮುಗಿಯದೆ ಮುಂದೆ ಹೋಗರು. ಎರಡು ಕೈ ಬಿಟ್ಟರೆ ಬಸ್ಸು ಹಳ್ಳ ಹಿಡಿಯುತ್ತದಲ್ಲ? ಅದಕ್ಕೇ ಒಂದೇ ಕೈ. ಬಲಗೈಯನ್ನು ಕಿಟಕಿಯಿಂದ ಆಚೆ ಚಾಚಿ, ಅಮ್ಮನ ಕಡೆಯಿಂದ ಬಾಚಿ ತಂದ ಹಾಗೆ ಮುಂದಕ್ಕೆ ಬೀಸಿ, ಹಣೆಗೆ ಒತ್ತಿಕೊಳ್ಳುವರು.

ಬಸ್ಸಿನೊಳಗಿನವರೂ ಆಗ ಕಣ್ಣು ಮುಚ್ಚಿ ಕೈ ಮುಗಿಯುವರು. ನಂಜಿ ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ. ಅವಳಿಗೆ ಅಪ್ಪನ ಕೈ ನೋಡುವುದೇ ಇಷ್ಟ.

ಆ ಕೈಗೆ ಭಾಷೆಯಿತ್ತು. ವಾಜಿದನೇ ಅದನ್ನು ಅವಳಿಗೆ ಕಲಿಸಿದ್ದ. ಕೈ ನೆಟ್ಟಗೆ ಚಾಚಿದರೆ, ಬಲಕ್ಕೆ ತಿರುಗುತ್ತೇನೆ. ಅಂಗೈ ಕೆಳಗೆ ಮಾಡಿ ಗಾಳಿಯನ್ನು ಒತ್ತಿದರೆ, ನಿಲ್ಲಿಸುತ್ತೇನೆ. ಹಿಂದಿನಿಂದ ಮುಂದಕ್ಕೆ ಬೀಸಿದರೆ, ದಾರಿ ಖಾಲಿ ಇದೆ, ನೀನು ಮುಂದೆ ಹೋಗು. ನಂಜಿ ಸ್ಕೂಲಿನಲ್ಲಿ ಗೆಳತಿಯರಿಗೂ ಇದನ್ನು ಕಲಿಸಿ ಬಸ್ಸಾಟ ಆಡುತ್ತಿದ್ದಳು. ಆಟದಲ್ಲಿ ಡ್ರೈವರು ಯಾವಾಗಲೂ ಅವಳೇ.

ಮಾರನೆಯ ದಿನ ಶನಿವಾರ. ಬೆಳಗಿನ ಸ್ಕೂಲು.

ಬಸ್ಸು ಮಾರಮ್ಮನ ಏರನ್ನು ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಏರಿನಲ್ಲಿ ಇದ್ದಲು ಬಸ್ಸಿನ ಪಾಡು ಯಾರಿಗೂ ಬೇಡ. ಹಿಂದೆ ಹೊಗೆ, ಮುಂದೆ ಗುರುಗುರು.

"ಮಾದಯ್ಯ, ನಾನು ಇಳಿದು ನಡ್ಕೊಂಡು ಓಗ್ಲಾ? ಬಿರ್ರನೆ ಓಯ್ತೀನಿ," ಎಂದು ವೀಳ್ಯದೆಲೆ ಬುಟ್ಟಿಯ ಸಣ್ಣತಾಯಮ್ಮ ಚುಡಾಯಿಸಿದಳು.

"ಓಗಜ್ಜಿ. ಮಳವಳ್ಳೀಲಿ ನಮಗೂ ಒಂದು ಸೀಟು ಇಡಿದಿರು," ಎಂದ ಮಾದಯ್ಯ.

ಹಿಂದಿನಿಂದ ಸೈಕಲ್ಲಿನ ಬೆಲ್ಲು ಕೇಳಿಸಿತು. ಟ್ರಿಣ್, ಟ್ರಿಣ್ ಟ್ರಿಣ್. ಮೊದಲು ಒಂದು, ಆಮೇಲೆ ಎರಡು. ನಂಜಿಗೆ ಗೊತ್ತಾಯಿತು, ವಾಜಿದಣ್ಣ! ಸ್ಪ್ರಿಂಗು, ಗಾಜು ತೆಗೆದುಕೊಂಡು ಮದ್ದೂರಿನಿಂದ ಬರುತ್ತಿದ್ದಾನೆ.

ಆಗ ಬೇವಿನ ಮರ ಬಂತು. ಎಲ್ಲರೂ ಕಣ್ಣು ಮುಚ್ಚಿದರು. ಅಪ್ಪನ ಬಲಗೈ ಕಿಟಕಿಯಿಂದ ಆಚೆ ಹೋಯಿತು. ಚಾಚಿತು. ಹಿಂದಿನಿಂದ ಮುಂದಕ್ಕೆ ಬೀಸಿತು. ಹಣೆ ಮುಟ್ಟಿತು.

ಸೈಕಲ್ಲು ಹೊಗೆಯೊಳಗಿಂದ ಬಲಕ್ಕೆ ಹೊರಬಂತು. ನಂಜಿಯ ಕಿಟಕಿಯ ಪಕ್ಕದಲ್ಲೇ ವಾಜಿದನ ತಲೆ ಕಾಣಿಸಿತು. ಅವನು ಅವಳನ್ನು ನೋಡಿ ನಕ್ಕ. ಮುಂದಕ್ಕೆ ತುಳಿದ.

ತಿರುವಿನಿಂದ ಕಬ್ಬಿನ ಗಾಡಿ ಬಂತು.

ಆಮೇಲೆ ಆದದ್ದು ನಂಜಿಗೆ ಸರಿಯಾಗಿ ಕಾಣಲಿಲ್ಲ. ಎತ್ತುಗಳು ಬೆದರಿ ತಲೆ ಎತ್ತಿದವು. ಬ್ರೇಕು ಕಿರುಚಿತು. ಯಾರೋ "ಅಯ್ಯಯ್ಯೋ" ಎಂದರು. ಒಣಕಟ್ಟಿಗೆ ಮುರಿದಂಥ ಒಂದು ಸದ್ದು. ಕಬ್ಬೇ ಇರಬೇಕು ಎಂದುಕೊಂಡಳು. ಕಬ್ಬಲ್ಲ.

ಬಸ್ಸು ನಿಂತಿತ್ತು. ಎಲ್ಲರೂ ಇಳಿದು ಓಡಿದರು. ನಂಜಿ ಇಳಿಯಲಿಲ್ಲ. ಅವಳ ಕೈ ಸೀಟಿನ ಕಂಬಿಯನ್ನು ಹಿಡಿದಿತ್ತು. ಬಿಡು ಎಂದರೆ ಬಿಡುತ್ತಿರಲಿಲ್ಲ. ಅದು ಅವಳ ಕೈಯೇ ಅಲ್ಲವೆನ್ನುವ ಹಾಗೆ.

ಕಿಟಕಿಯಿಂದ ಒಂದು ಎತ್ತು ಕಾಣುತ್ತಿತ್ತು. ಅದು ಕೆಳಗೆ ಬಿದ್ದ ಕಬ್ಬಿನ ಸೋಗೆಯನ್ನು ಮೇಯುತ್ತಿತ್ತು. ಏನೂ ಆಗಿಲ್ಲವೇನೋ ಎನ್ನುವಂತೆ ಮೇಯುತ್ತಿತ್ತು. ಅದರ ಕಾಲ ಬಳಿ ಕಾಗದದ ಪೊಟ್ಟಣ ಒಡೆದು ಕೆಂಪು ಗಾಜಿನ ಚೂರುಗಳು. ಆಚೆ ವಾಜಿದನ ಒಂದು ಚಪ್ಪಲಿ.

ಗಾಡಿಯ ಚಕ್ರ ವಾಜಿದನ ಕಾಲಿನ ಮೇಲೆ ಹರಿದಿತ್ತು.

ಅಪ್ಪ ಅವನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಬಸ್ಸಿನ ಉದ್ದ ಸೀಟಿನ ಮೇಲೆ ಮಲಗಿಸಿದ. ಸಣ್ಣತಾಯಮ್ಮ ಸೆರಗು ಹರಿದು ಕಟ್ಟಿದಳು. ವಾಜಿದ ಅಳುತ್ತಿರಲಿಲ್ಲ. ಅವನ ತುಟಿ ಬೆಳ್ಳಗಾಗಿತ್ತು.

"ಏನ್ ಅವಸರವಪ್ಪ ನಿಂಗೆ?" ಎಂದು ಗಾಡಿಯವನು ಬೈದ. "ತಿರುವಲ್ಲಿ ಬಸ್ಸು ಇಂದಾಕಕ್ಕೆ ಬತ್ತಾರೇನ್ಲಾ?"

"ಹೊನ್ನಣ್ಣ ಕೈ ತೋರಿಸಿದ್ರು," ಎಂದ ವಾಜಿದ. "ಹೋಗು ಅಂತ ತೋರಿಸಿದ್ರು."

ಎಲ್ಲರೂ ಅಪ್ಪನ ಕಡೆ ತಿರುಗಿದರು.

"ನಾನಾ?" ಎಂದ ಅಪ್ಪ. ಅವನ ಕಣ್ಣುಗಳು ಅಗಲವಾದವು. "ತಿರುವಲ್ಲಿ ನಾನು ಓಗು ಅಂತೀನಾ? ಅಗೋ, ಅಮ್ಮ ಅಲ್ಲೇ ಅವ್ಳೆ. ಅವಳಾಣೆಗೂ ನಾನು ಕೈಯ ಆಚಿಕ್ಕೇ ಆಕ್ಲಿಲ್ಲ."

ಮಾರಮ್ಮನ ಕಡೆ ಕೈ ತೋರಿಸಿ ಅಪ್ಪ ಆಣೆ ಇಟ್ಟ. ಅವನ ಹಣೆಯ ನಡುವೆ ಹಸಿ ಮಸಿಯ ಗುರುತಿತ್ತು. ಮೂರು ಬೆರಳಿನ ಗುರುತು.

ನಂಜಿ ಅದನ್ನು ನೋಡಿದಳು.

"ನೀವು ಕೈ ಆಚೆಗೆ ಆಕಿದ್ದ ಯಾರೂ ನೋಡ್ಲಿಲ್ಲಪ್ಪ," ಎಂದಳು ಸಣ್ಣತಾಯಮ್ಮ. ಅದು ನಿಜವೇ. ಅವಳ ಕಣ್ಣು ಮುಚ್ಚಿತ್ತಲ್ಲ! "ಈ ಕಾಲದ ಐಕಳೇ ಇಂಗೆ. ಮುಂಚೆ ಗಾಡಿ ಕಾಲದಲ್ಲಿ ಎತ್ತಿಗಾದ್ರೂ ಬುದ್ಧಿ ಇತ್ತು. ಈಗ ಓಡಿಸೋರಿಗೇ ಇಲ್ಲ."

ಬಸ್ಸು ಹೊರಟಿತು. ಮಳವಳ್ಳಿ ಆಸ್ಪತ್ರೆಯ ಮುಂದೆ ನಿಂತಿತು. ಇಳಿಯುವಾಗ ಮಾದಯ್ಯ ನಂಜಿಯ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಬೇಕಾಯಿತು.

ಅವತ್ತು ಸಂಜೆ ಅವ್ವ ರಾಗಿಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ನಂಜಿಗೆ ನುಂಗಲಾಗಲಿಲ್ಲ. ಅಪ್ಪನೂ ತಟ್ಟೆ ತಳ್ಳಿದ.

"ಕಾಲು ನಿಲ್ತದಾ?" ಎಂದು ಅವ್ವ ಕೇಳಿದಳು.

"ದಬ್ಬೆ ಕಟ್ಟವ್ರೆ. ಡಾಕ್ಟ್ರು ನಿಲ್ತದೆ ಅಂದ್ರು. ಸೈಕಲ್ ತುಳಿಯಕ್ಕೆ ಆದದೋ ಇಲ್ವೋ, ಗೊತ್ತಿಲ್ಲ." ಅಪ್ಪ ಸುಮ್ಮನೆ ಗೋಡೆ ನೋಡಿದ. "ಒಳ್ಳೆ ಹುಡ್ಗ ಕಣೆ. ಅವನ್ಯಾಕೆ ಸುಳ್ಳು ಏಳ್ದ ಅಂತ ಗೊತ್ತಾಯ್ತಿಲ್ಲ. ನೋವ್ಗೆ ಏನೋ ಅಂದಿರ್ಬೇಕು."

ಅವ್ವ ನೀರು ಕೊಟ್ಟಳು. ಅಪ್ಪ ಹಣೆ ತೊಳೆದುಕೊಂಡ. ಅವತ್ತು ದಿಷ್ಟಿಬೊಟ್ಟಿನ ಮಾತು ಯಾರೂ ಆಡಲಿಲ್ಲ.

ಭಾನುವಾರ ಅವ್ವ, ನಂಜಿ ಇಬ್ಬರೂ ವಾಜಿದನನ್ನು ನೋಡಲು ಬಸ್ಸು ಹತ್ತಿದರು. ಅವ್ವ ಹಿಂದೆ ಹೆಂಗಸರ ಜೊತೆ ಕೂತಳು. ನಂಜಿ ತನ್ನ ಸೀಟಿನಲ್ಲೇ ಕೂತಳು.

ಏರು ಬಂತು. ರಸ್ತೆಯ ಮೇಲೆ ಒಂದು ಕಡೆ ಮಣ್ಣು ಹಾಕಿ ಮುಚ್ಚಿದ್ದರು. ನಂಜಿ ಅದನ್ನು ನೋಡದೆ ಅಪ್ಪನ ಕೈಯನ್ನು ನೋಡಿದಳು.

ಬೇವಿನ ಮರ ಬಂತು. ಅಪ್ಪನ ಬಲಗೈ ಸ್ಟೇರಿಂಗಿನಿಂದ ಎದ್ದಿತು. ಕಿಟಕಿಯಿಂದ ಆಚೆ ಹೋಯಿತು. ಚಾಚಿತು, ಬೀಸಿತು, ಹಣೆ ಮುಟ್ಟಿ ವಾಪಸು ಬಂತು. ಅಷ್ಟು ಹೊತ್ತೂ ಅಪ್ಪ ರಸ್ತೆಯನ್ನೇ ನೋಡುತ್ತಿದ್ದ. ಹಕ್ಕಿಯೊಂದು ಗೂಡಿನಿಂದ ಹಾರಿ ಹೋಗಿ ಮತ್ತೆ ಬಂದು ಕೂತ ಹಾಗೆ. ಗೂಡಿಗೆ ಅದು ಗೊತ್ತೇ ಇಲ್ಲ.

ಅಪ್ಪ ಸುಳ್ಳು ಹೇಳಿರಲಿಲ್ಲ. ಅಪ್ಪನಿಗೆ ಗೊತ್ತೇ ಇಲ್ಲ!

ಪಾಷಾ ಸಾಬರ ಮನೆ ಅಂಗಡಿಯ ಹಿಂದೆಯೇ. ಬಸ್ಸು ನಿಲ್ಲಿಸಿ ಅಪ್ಪನೂ ಜೊತೆಗೆ ಬಂದ. ವಾಜಿದನ ತಾಯಿ ಬಿಬಿ ಜಾನ್ ಬಾಗಿಲಲ್ಲೇ ಅವ್ವನ ಕೈ ಹಿಡಿದುಕೊಂಡು ಅತ್ತರು. ವಾಜಿದ ಚಾಪೆಯ ಮೇಲೆ ಮಲಗಿದ್ದ. ಅವನ ಕಾಲು ದಬ್ಬೆ ಕಟ್ಟಿ ದಿಮ್ಮಿಯ ಹಾಗಾಗಿತ್ತು. ಪಾಷಾ ಸಾಬರು ಮಗನಿಗೆ ಬೆನ್ನು ಮಾಡಿ ಹೊಸ್ತಿಲ ಮೇಲೆ ಕೂತಿದ್ದರು.

"ನಿನ್ನೆಯಿಂದ ಮಗನ ಜೊತೆ ಮಾತೇ ಇಲ್ಲ," ಎಂದರು ಬಿಬಿ ಜಾನ್ ಮೆಲ್ಲಗೆ. "ನೀವಾದ್ರೂ ಹೇಳಿ ಹೊನ್ನಣ್ಣ."

"ಏನು ಹೇಳೋದು?" ಎಂದರು ಪಾಷಾ ಸಾಬರು. "ಕಾಲು ಮುರೀತು, ಅದು ಅಲ್ಲಾನ ಇಚ್ಛೆ. ಆದರೆ ಹೊನ್ನಯ್ಯನ ಮೇಲೆ ತಪ್ಪು ಹಾಕಿದನಲ್ಲ? ಇವನು ಹುಟ್ಟೋಕೆ ಮುಂಚಿಂದ ನಾನು ಹೊನ್ನಯ್ಯನ್ನ ಬಲ್ಲೆ. ಅವನು ಸುಳ್ಳು ಹೇಳಲ್ಲ. ಹಂಗಾದ್ರೆ ಸುಳ್ಳು ಯಾರು ಹೇಳಿದ್ದು? ಇವನು ಮಾಫಿ ಕೇಳೋವರೆಗೂ ನನ್ನ ಅಂಗಡಿಗೆ ಕಾಲಿಡೋ ಹಾಗಿಲ್ಲ."

"ಓಗ್ಲಿ ಬುಡಿ ಸಾಬ್ರೆ. ಹುಡುಗ," ಎಂದ ಅಪ್ಪ.

"ನಾನು ಮಾಫಿ ಕೇಳಲ್ಲ," ಎಂದ ವಾಜಿದ. ದನಿ ಸಣ್ಣಗಿತ್ತು, ಆದರೆ ನಡುಗಲಿಲ್ಲ. "ನಾನು ನೋಡಿದೀನಿ." ಆಮೇಲೆ ಅವನು ತಲೆ ತಿರುಗಿಸಿದ. "ನಂಜಿ, ನೀನು ಹಿಂದೆನೇ ಕೂತಿದ್ಯಲ್ಲ? ನಾನು ನಿನ್ನ ನೋಡಿ ನಕ್ಕೆನಲ್ಲ? ನೀನೇ ಹೇಳು. ಕೈ ಆಚೆ ಬಂತೋ ಇಲ್ವೋ?"

ಎಲ್ಲರ ಕಣ್ಣೂ ನಂಜಿಯ ಮೇಲೆ. ವಾಜಿದನ ಕಣ್ಣು, ಪಾಷಾ ಸಾಬರ ಕಣ್ಣು, ಅವ್ವನ ಕಣ್ಣು. ಅಪ್ಪನ ಕಣ್ಣು. ಅಪ್ಪನ ಹಣೆಯ ಮೇಲೆ ಇವತ್ತಿನ ಹೊಸ ಗುರುತು.

ಬಂತು ಎಂದರೆ ಏನಾಗುತ್ತದೆ? ಅಪ್ಪನನ್ನು ಪೋಲೀಸಿನವರು ಹಿಡಿಯುತ್ತಾರಾ? ಮಾರಮ್ಮನ ಮೇಲೆ ಆಣೆ ಇಟ್ಟಿದ್ದಾನಲ್ಲ, ಅಮ್ಮ ಏನು ಮಾಡುತ್ತಾಳೆ?



"ನಾನು ನೋಡ್ಲಿಲ್ಲ," ಎಂದಳು.

ವಾಜಿದ ನಿಧಾನವಾಗಿ ಗೋಡೆಯ ಕಡೆಗೆ ಮುಖ ಮಾಡಿದ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ವಾಪಸು ಬರುವಾಗ ಮಾರಮ್ಮ ಎಡಗಡೆಗೆ. ಆಗ ಅಪ್ಪ ಕೈ ಚಾಚುತ್ತಿರಲಿಲ್ಲ, ತಲೆ ಮಾತ್ರ ಬಾಗಿಸುತ್ತಿದ್ದ. ನಂಜಿ ಅಮ್ಮನ ಕಡೆ ನೋಡಲಿಲ್ಲ.

ಮನೆಯಲ್ಲಿ ಅವಳು ಅಪ್ಪನ ಹತ್ತಿರ ಹೋಗಿ ನಿಂತಳು.

"ಅಪ್ಪ, ಇನ್ಮೇಲೆ ಮಾರಮ್ಮನ ತಾವ ಕೈ ಮುಗೀಬ್ಯಾಡ."

"ನಾನೆಲ್ಲಿ ಮುಗೀತೀನಿ ಮಗ? ಏರಲ್ಲಿ ಸ್ಟೇರಿಂಗ್ ಬುಟ್ಬುಟ್ಟು ಮುಗಿಯಕ್ಕಾದದಾ? ಮನಸಲ್ಲೇ ಅಮ್ಮಾ ಅಂದ್ಕತೀನಿ, ಅಷ್ಟೆ."

ಅಪ್ಪ ಅವಳ ತಲೆ ಸವರಿ ಎದ್ದು ಹೋದ.

ಸೋಮವಾರ ಬೆಳಗ್ಗೆ ನಂಜಿ ಎಲ್ಲರಿಗಿಂತ ಮುಂಚೆ ಬಸ್ಸಿನ ಹತ್ತಿರ ಬಂದಳು. ಮಾದಯ್ಯ ಚಕ್ರ ತಿರುಗಿಸಿದ. ಅಪ್ಪ ಇದ್ದಲು ಸುರಿದ. ಕೈ ಒರೆಸಿಕೊಂಡು ಸೀಟಿಗೆ ಬಂದ.

"ಅಪ್ಪ, ಬಗ್ಗು."

"ಯಾಕವ್ವ?"

"ಬಗ್ಗು ಅಂದ್ನಲ್ಲ."

ಅಪ್ಪ ಬಗ್ಗಿದ. ನಂಜಿ ಸ್ಲೇಟು ಒರೆಸುವ ಒದ್ದೆ ಬಟ್ಟೆಯಿಂದ ಅವನ ಹಣೆ, ಕೆನ್ನೆ, ಮೂಗು ಎಲ್ಲ ಉಜ್ಜಿದಳು.

"ಇದೇನಮ್ಮಿ, ಅಪ್ಪಂಗೆ ಮದುವೆ ಮಾಡ್ತೀಯ?" ಎಂದಳು ಸಣ್ಣತಾಯಮ್ಮ ಬುಟ್ಟಿ ಇಳಿಸುತ್ತಾ.

ನಂಜಿ ನಗಲಿಲ್ಲ. ಡ್ರೈವರ್ ಸೀಟಿನ ಮೇಲ್ಗಡೆ ಒಂದು ಸಣ್ಣ ಕನ್ನಡಿ ಇತ್ತು. ಅಪ್ಪನ ಹಣೆ ಅದರಲ್ಲಿ ತೊಳೆದ ಸ್ಲೇಟಿನ ಹಾಗೆ ಖಾಲಿಯಾಗಿ ಕಂಡಿತು.

"ನೋಡ್ಕೊ ಅಪ್ಪ. ಏನೂ ಇಲ್ಲ ತಾನೆ?"

"ಏನೂ ಇಲ್ಲ ಕಣವ್ವ. ಬಂಗಾರದಂಗಿವ್ನಿ. ಓಗಾನಾ?"

ಬಸ್ಸು ಹೊರಟಿತು. ಕೆರೆ ದಾಟಿತು. ನಂಜಿಯ ಎದೆ ಇಂಜಿನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಇವತ್ತು ಅಪ್ಪ ಕೈ ಎತ್ತದೇ ಇದ್ದರೆ? ಎತ್ತದಿರಲಿ ಎಂದು ಒಂದು ಮನಸ್ಸು. ಎತ್ತಲಿ ಎಂದು ಇನ್ನೊಂದು.

ಏರು. ಹೊಗೆ. ಬೇವಿನ ಮರ.

ಕೈ ಎದ್ದಿತು. ಹೋಯಿತು. ಬಂತು.

ನಂಜಿ ಮುಂದೆ ಬಾಗಿ ಅಪ್ಪನ ಕಿವಿಯ ಹತ್ತಿರ ಬಾಯಿ ಇಟ್ಟಳು.

"ಅಪ್ಪ, ಕನ್ನಡಿ ನೋಡು."

"ಕೂತ್ಕೊ ಮಗ. ತಿರುವು."

"ನೋಡಪ್ಪ. ನಿನ್ನ ಅಣೆ ನೋಡು."

ತಿರುವು ದಾಟಿದ ಮೇಲೆ ಅಪ್ಪ ಕಣ್ಣೆತ್ತಿ ಕನ್ನಡಿ ನೋಡಿದ. ಮೂರು ಕರೀ ಬೆರಳು ಹಣೆಯ ನಡುವೆ ಮೂಡಿದ್ದವು. ಒಂದು ಗಳಿಗೆ ಅವನಿಗೆ ಅರ್ಥವಾಗಲಿಲ್ಲ. ಬಲಗೈಯನ್ನು ಮುಖದ ಮುಂದೆ ತಂದು ನೋಡಿಕೊಂಡ. ಮತ್ತೆ ಕನ್ನಡಿ ನೋಡಿದ.

ಬಸ್ಸು ನಿಧಾನವಾಯಿತು. ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು.

"ಏನಾಯ್ತಪ್ಪ? ಇದ್ದಲು ಮುಗೀತಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಅಪ್ಪನ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಮಸಿ ಇನ್ನೂ ಕರ್ರಗೆ ಕಾಣುತ್ತಿತ್ತು.

"ದಿನಾನಾ?" ಎಂದ, ನಂಜಿಗೆ ಮಾತ್ರ ಕೇಳುವ ಹಾಗೆ.

"ದಿನಾ."

"ಅವತ್ತೂವೆ?"

"ಅವತ್ತೂವೆ ಅಪ್ಪ. ವಾಜಿದಣ್ಣ ಬೆಲ್ ಒಡ್ದ. ನೀನು ಕೈ ಬೀಸ್ದೆ. ಅವ್ನು ಬಂದ."

ಅಪ್ಪ ತನ್ನ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಾ ಕೂತ. ಅದು ಬೇರೆ ಯಾರದೋ ಕೈ, ಯಾರೋ ಬಸ್ಸಿನಲ್ಲಿ ಬಿಟ್ಟುಹೋಗಿದ್ದಾರೆ ಎನ್ನುವಂತೆ ನೋಡಿದ. ಆಮೇಲೆ ಬಸ್ಸು ಹೊರಟಿತು. ಮಳವಳ್ಳಿಯವರೆಗೂ ಅವನು ಹಾರನ್ನು ಕೂಡ ಹೊಡೆಯಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಅಪ್ಪ ಪಾಷಾ ಸಾಬರ ಮನೆಗೆ ನಡೆದ. ಹಣೆ ಒರೆಸಿಕೊಳ್ಳಲಿಲ್ಲ. ನಂಜಿ ಸ್ಕೂಲ್ ಚೀಲ ಹಿಡಿದು ಹಿಂದೆಯೇ ಓಡಿದಳು.

ಪಾಷಾ ಸಾಬರು ಹೊಸ್ತಿಲಲ್ಲಿ ಹಲ್ಲುಜ್ಜುತ್ತಿದ್ದರು.

"ಸಾಬ್ರೆ, ಇದ ನೋಡಿ," ಎಂದು ಅಪ್ಪ ತನ್ನ ಹಣೆ ತೋರಿಸಿದ. "ಅಮ್ಮನಿಗೆ ಕೈ ಮುಗ್ದಿದ್ದು. ದಿನಾ ಮುಗೀತಿದ್ದೀನಂತೆ. ನಂಗೇ ಗೊತ್ತಿಲ್ಲ. ಅವತ್ತೂ ಮುಗ್ದಿದ್ದೀನಿ."

ಆಮೇಲೆ ಕೈಯನ್ನು ಚಾಚಿ, ಬೀಸಿ, ಹಣೆಗೆ ಒತ್ತಿ ತೋರಿಸಿದ. ಹಿಂದೆ ನಿಂತು ನೋಡಿದ ನಂಜಿಗೆ ಅದು, ಮುಂದೆ ಹೋಗು, ಎಂದ ಹಾಗೇ ಕಾಣಿಸಿತು. ಪಾಷಾ ಸಾಬರಿಗೂ ಕಾಣಿಸಿರಬೇಕು. ಅವರ ಕೈಯಲ್ಲಿದ್ದ ಚೊಂಬು ವಾಲಿ ನೀರು ಚೆಲ್ಲುತ್ತಿತ್ತು. ಅವರಿಗೆ ತಿಳಿಯಲಿಲ್ಲ.

ಅಪ್ಪ ಒಳಗೆ ಹೋಗಿ ವಾಜಿದನ ಚಾಪೆಯ ಪಕ್ಕ ನೆಲದ ಮೇಲೆ ಕೂತ.

"ಮಾಫಿ ಕೇಳ್ಬೇಕಾದೋನು ನೀನಲ್ಲ ಕಣಪ್ಪ. ನಾನು. ಪೋಲೀಸ್ ಸ್ಟೇಷನ್ನಿಗೂ ಓಗಿ ಇದ್ದದ್ದು ಇದ್ದಂಗೆ ಏಳಿ ಬತ್ತೀನಿ. ಆದ್ರೆ ನಿನ್ನ ಕಾಲು..."

ವಾಜಿದ ಅಪ್ಪನ ಹಣೆಯ ಮಸಿಯನ್ನೇ ನೋಡಿದ.

"ನಾನು ಬೆಲ್ ಹೊಡೆದ ತಕ್ಷಣ ಕೈ ಬಂತು ಹೊನ್ನಣ್ಣ. ನನಗೇ ಅಂದ್ಕೊಂಡೆ."

ಪಾಷಾ ಸಾಬರು ಒಳಗೆ ಬಂದರು. ಮಗನ ತಲೆಯ ಬಳಿ ಕೂತು, ದಿಂಬನ್ನು ಎತ್ತಿ, ತಟ್ಟಿ, ಸರಿಮಾಡಿದರು. ಸರಿಯಾಗಿದ್ದ ದಿಂಬನ್ನು ಮತ್ತೊಮ್ಮೆ ಸರಿಮಾಡಿದರು. ಬಿಬಿ ಜಾನ್ ಸೆರಗಿನಿಂದ ಕಣ್ಣು ಒತ್ತಿಕೊಂಡು ಒಲೆಯ ಕಡೆ ಹೋದರು.

ಬಾಗಿಲ ಮರೆಯಲ್ಲಿ ನಿಂತಿದ್ದ ನಂಜಿಯನ್ನು ವಾಜಿದ ನೋಡಿದ.

"ನೀನು ನೋಡ್ಲಿಲ್ಲ ಅಂದ್ಯಲ್ಲ?"

ನಂಜಿಯ ಕಣ್ಣಿನಿಂದ ನೀರು ಸುರಿಯಿತು. ಶನಿವಾರದಿಂದ ಒಂದು ಹನಿಯೂ ಬಂದಿರಲಿಲ್ಲ. ಈಗ ನಿಲ್ಲಲೇ ಇಲ್ಲ.

"ಬಾ ಇಲ್ಲಿ," ಎಂದ ವಾಜಿದ. "ಅಳಬೇಡ. ನನಗೆ ಎದ್ದು ಬಂದು ಕಣ್ಣೊರೆಸೋಕೆ ಆಗಲ್ಲ."

ಕಬ್ಬಿನ ಗಾಡಿಗಳ ಕಾಲ ಮುಗಿಯಿತು. ವಾಜಿದ ಕೋಲು ಹಿಡಿದು ಅಂಗಡಿಯವರೆಗೆ ನಡೆಯತೊಡಗಿದ. ಸೈಕಲ್ಲು ತುಳಿಯಲಾಗುತ್ತಿರಲಿಲ್ಲ. ಅಲ್ಲೇ ಕೂತು ತಗಡಿನ ಕೈಗೆ ಹೊಸ ಸ್ಪ್ರಿಂಗು ಹಾಕಿಕೊಟ್ಟ. ಈಗ ಅದು ಕರೆದಾಗ ಏಳುತ್ತಿತ್ತು. ಒಂದೊಂದು ದಿನ ಇಳಿಯಲು ಹಟ ಮಾಡುತ್ತಿತ್ತು. ಆಗ ಮಾದಯ್ಯ ಕಿಟಕಿಯಿಂದ ಬಗ್ಗಿ ಅದರ ತಲೆಗೆ ಒಂದು ಮೊಟಕುತ್ತಿದ್ದ.

ಅಪ್ಪ ಮಂಗಳವಾರ, ಶುಕ್ರವಾರ ಸಂಜೆ ಬಸ್ಸು ನಿಲ್ಲಿಸಿದ ಮೇಲೆ, ಕೈ ತೊಳೆದುಕೊಂಡು, ಮಾರಮ್ಮನ ಹತ್ತಿರಕ್ಕೆ ನಡೆದು ಹೋಗಿ ಬರುತ್ತಿದ್ದ.

ಒಂದು ಬೆಳಗ್ಗೆ ಮಾದಯ್ಯನಿಗೆ ಜ್ವರ. ಇದ್ದಲು ತುಂಬಲು ನಂಜಿಯೇ ಅಪ್ಪನಿಗೆ ಬುಟ್ಟಿ ಎತ್ತಿಕೊಟ್ಟಳು. ತಡವಾಗಿತ್ತು. ಕೈ ತೊಳೆಯದೆ ಹಾಗೇ ಬಸ್ಸು ಹತ್ತಿದಳು.

ಏರು ಬಂತು. ನಂಜಿ ಎಂದಿನಂತೆ ಅಪ್ಪನ ಬಲಗೈಯನ್ನೇ ನೋಡುತ್ತಿದ್ದಳು. ಬೇವಿನ ಮರ ಹತ್ತಿರವಾದಂತೆ ಆ ಕೈಯ ಬೆರಳುಗಳು ಸ್ಟೇರಿಂಗಿನ ಮೇಲೆ ಒಮ್ಮೆ ಮಿಸುಕಿದವು. ಅಪ್ಪ ಗಟ್ಟಿಯಾಗಿ ಹಿಡಿದ. ಗೆಣ್ಣುಗಳು ಬೆಳ್ಳಗಾದವು. ಮರ ಹಿಂದೆ ಹೋಯಿತು. ಕೈ ಅಲ್ಲೇ ಇತ್ತು.

ನಂಜಿ ಉಸಿರು ಬಿಟ್ಟು ಕನ್ನಡಿ ನೋಡಿದಳು. ಅಪ್ಪನ ಹಣೆ ಖಾಲಿ.

ಅದರ ಹಿಂದೆ, ಕನ್ನಡಿಯ ಮೂಲೆಯಲ್ಲಿ, ಇನ್ನೊಂದು ಪುಟ್ಟ ಹಣೆ ಕಾಣಿಸಿತು. ಅದರ ನಡುವೆ ಮೂರು ಸಣ್ಣ ಬೆರಳಿನ ಹಸಿ ಮಸಿ.

ನಂಜಿ ತನ್ನ ಬಲಗೈಯನ್ನು ನೋಡಿಕೊಂಡಳು. ಅದು ಆಗಲೇ ಬಂದು ಮಡಿಲಲ್ಲಿ ಕೂತಿತ್ತು.